ರೇವತಿಯ ಎತ್ತರ, ಶರಾವತಿಯ ಮಟ್ಟ

ರಾಮಾಯಣದಲ್ಲಿ ಪುಷ್ಪಕ ವಿಮಾನ ಇದೆಯಲ್ಲ, ಹಾಗಾದರೆ ಅದನ್ನೂ ವಿಜ್ಞಾನ ಕಥೆ ಎನ್ನಬಹುದೇ? ನಮ್ಮ ಸಾಗರದ ಕಡೆ ಪುಸ್ತಕ ಓದುವ ನಾಲ್ಕು ಜನ ಒಂದೆಡೆ ಸೇರಿದರೆ ಈ ಪ್ರಶ್ನೆ ಯಾವಾಗಲಾದರೂ ಎದ್ದೇ ಏಳುತ್ತದೆ. ಕೆಲವರು ಅಭಿಮಾನದಿಂದ ಕೇಳುತ್ತಾರೆ, ಕೆಲವರು ಕೆಣಕಲು ಕೇಳುತ್ತಾರೆ. ನನಗಂತೂ ಇದು ಒಳ್ಳೆಯ ಪ್ರಶ್ನೆ. ವಿಜ್ಞಾನ ಕಥೆ ಎಂದರೆ ರಾಕೆಟ್ಟು, ರೋಬೋಟು, ಅನ್ಯಗ್ರಹದ ಜೀವಿ ಎಂದು ಸಾಮಾನುಗಳ ಪಟ್ಟಿ ಕೊಟ್ಟರೆ ಪುಷ್ಪಕಕ್ಕೂ ಆ ಪಟ್ಟಿಯಲ್ಲಿ ಜಾಗ ಕೊಡಬೇಕಾಗುತ್ತದೆ. ಕೊಡಬಾರದು ಎನ್ನುವುದಾದರೆ ಏಕೆಂದು ಹೇಳಬೇಕು. ಹಾಗೆ ಹೇಳಲು ಹೊರಟಾಗಲೇ, ಈ ಬಗೆಯ ಕಥೆಗಳಲ್ಲಿ ನಾನು ಇಷ್ಟು ವರ್ಷ ಪ್ರೀತಿಸಿದ್ದು ಏನನ್ನು ಎಂಬುದು ನನಗೆ ಸ್ಪಷ್ಟವಾಗತೊಡಗಿತು.

ಪುಷ್ಪಕ ಕುಬೇರನದು. ರಾವಣ ಅದನ್ನು ಕಿತ್ತುಕೊಂಡ. ರಾಮ ಅದರಲ್ಲಿ ಅಯೋಧ್ಯೆಗೆ ಮರಳಿ, ಆಮೇಲೆ ಕುಬೇರನಿಗೇ ಕಳುಹಿಸಿದ. ಆಕಾಶದಲ್ಲಿ ಹಾರುವ ವಾಹನವಿರುವ ರಾಜನ ಊರಿಗೆ ಕೋಟೆಯಿದೆ, ಕಂದಕವಿದೆ. ಆ ಊರನ್ನು ಮುತ್ತಲು ವಾನರರು ಕಡಲಿಗೆ ಸೇತುವೆ ಕಟ್ಟುತ್ತಾರೆ. ಒಂದು ವಿಮಾನವಿದ್ದ ಮೇಲೆ ಎರಡನೆಯದನ್ನು ಮಾಡಲು ಯಾರೂ ಏಕೆ ಯತ್ನಿಸಲಿಲ್ಲ? ಮೇಲಿನಿಂದ ಇಳಿಯಬಲ್ಲ ಶತ್ರುವಿನ ಎದುರು ಕೋಟೆ ಏನು ಮಾಡೀತು? ಕಾವ್ಯ ಈ ಪ್ರಶ್ನೆಗಳತ್ತ ತಿರುಗಿ ನೋಡುವುದಿಲ್ಲ, ನೋಡಬೇಕಾಗಿಯೂ ಇಲ್ಲ. ಅದರ ಚಿಂತೆ ಬೇರೆ: ಕೊಟ್ಟ ಮಾತು, ಅಗಲಿಕೆ, ಧರ್ಮದ ಬಿಕ್ಕಟ್ಟು. ವಿಮಾನ ಅಲ್ಲಿ ಒಡೆಯನ ಐಶ್ವರ್ಯವನ್ನು ತೋರುವ ವಸ್ತು. ಅದಿದ್ದುದರಿಂದ ಲೋಕದ ಉಳಿದ ಭಾಗ ಒಂದು ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ನನ್ನ ಮಟ್ಟಿಗೆ ಇದೇ ಗೆರೆ. ವಿಜ್ಞಾನ ಕಥೆಯಲ್ಲಿ ಒಂದು ವಿಮಾನ ಹಾರಿದರೆ ಕೋಟೆ ಕಟ್ಟುವವನ ಕೆಲಸ ಹೋಗುತ್ತದೆ, ದೋಣಿಯವನ ಸಾಲ ಏರುತ್ತದೆ, ಗಡಿ ಎಂಬುದರ ಅರ್ಥವೇ ಬೇರೆಯಾಗುತ್ತದೆ. ಲೇಖಕ ಒಂದನ್ನು ಬದಲಿಸಿದರೆ, ಆ ಬದಲಾವಣೆ ಎಲ್ಲೆಲ್ಲಿ ಮುಟ್ಟುತ್ತದೆಯೋ ಅಲ್ಲೆಲ್ಲದರ ಲೆಕ್ಕ ಒಪ್ಪಿಸಬೇಕು.

ಪುಷ್ಪಕಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ರೇವತಿಯ ಕಥೆ. ಭಾಗವತದಲ್ಲೂ ವಿಷ್ಣುಪುರಾಣದಲ್ಲೂ ಬರುತ್ತದೆ. ಕುಶಸ್ಥಲಿಯ ರಾಜ ಕಕುದ್ಮಿಗೆ ಒಬ್ಬಳೇ ಮಗಳು, ರೇವತಿ. ಅವಳಿಗೆ ತಕ್ಕ ವರ ಯಾರೆಂದು ಕೇಳಲು ಅವಳನ್ನೇ ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಂಧರ್ವರ ಗಾನ ನಡೆದಿರುತ್ತದೆ. ಮುಗಿಯುವ ತನಕ ಸ್ವಲ್ಪ ಹೊತ್ತು ಕಾದು, ಮನಸ್ಸಿನಲ್ಲಿದ್ದ ವರಗಳ ಹೆಸರು ಹೇಳುತ್ತಾನೆ. ಬ್ರಹ್ಮ ನಗುತ್ತಾನೆ. ನೀನು ಹೇಳಿದವರು ಯಾರೂ ಈಗಿಲ್ಲ, ಅವರ ಮೊಮ್ಮಕ್ಕಳ ಮಕ್ಕಳೂ ಇಲ್ಲ, ನೀನು ಇಲ್ಲಿ ನಿಂತಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗಗಳು ಕಳೆದವು ಎನ್ನುತ್ತಾನೆ. ಚತುರ್ಯುಗಕ್ಕೆ 43 ಲಕ್ಷದ 20 ಸಾವಿರ ವರ್ಷ ಎಂಬ ಪುರಾಣದ ಲೆಕ್ಕ ಹಿಡಿದರೆ 11 ಕೋಟಿ 66 ಲಕ್ಷ ವರ್ಷಕ್ಕೂ ಹೆಚ್ಚು! ತಂದೆ ಮಗಳು ಇಳಿದು ಬಂದರೆ ಊರು ದ್ವಾರಕೆಯಾಗಿದೆ, ಮನುಷ್ಯರು ಕುಳ್ಳಗಾಗಿದ್ದಾರೆ. ಬ್ರಹ್ಮ ಸೂಚಿಸಿದ ವರ ಬಲರಾಮ ಅವಳ ಎತ್ತರ ನೋಡಿ ನೇಗಿಲ ತುದಿಯಿಂದ ಒತ್ತಿ ತನ್ನ ಕಾಲದ ಹೆಣ್ಣುಗಳ ಅಳತೆಗೆ ತರುತ್ತಾನೆ. ಮದುವೆಯಾಗುತ್ತದೆ. ತಂದೆ ಹಿಮಾಲಯಕ್ಕೆ ತಪಸ್ಸಿಗೆ ಹೋಗುತ್ತಾನೆ. ಕಥೆ ಮುಗಿಯಿತು.

ಕಾಲ ಎಲ್ಲ ಕಡೆ ಒಂದೇ ವೇಗದಲ್ಲಿ ಸಾಗುವುದಿಲ್ಲ ಎಂದು 1905ರಲ್ಲಿ ಐನ್‌ಸ್ಟೈನ್ ತೋರಿಸಿದರು. ಮೊಬೈಲಿಗೆ ದಾರಿ ತೋರುವ ಜಿಪಿಎಸ್ ಉಪಗ್ರಹಗಳ ಗಡಿಯಾರಗಳು ಭೂಮಿಯ ಮೇಲಿನ ಗಡಿಯಾರಗಳಿಗಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತವೆ; ಅದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ನಕ್ಷೆ ಕಿಲೋಮೀಟರುಗಟ್ಟಲೆ ತಪ್ಪುತ್ತದೆ. ಹಾಗೆಂದು ರೇವತಿಯ ಕಥೆ ಬರೆದವರಿಗೆ ಸಾಪೇಕ್ಷತೆ ಗೊತ್ತಿತ್ತು ಎನ್ನುವವರ ಜೊತೆ ನಾನು ಹೋಗಲಾರೆ. ಆ ಮಾತು ವಿಜ್ಞಾನಕ್ಕೂ ಅನ್ಯಾಯ, ಪುರಾಣಕ್ಕೂ ಅನ್ಯಾಯ. ಕಥೆ ಹೇಳಹೊರಟಿದ್ದು ಬ್ರಹ್ಮನ ಒಂದು ಕ್ಷಣದ ಎದುರು ಮನುಷ್ಯನ ಲೆಕ್ಕಾಚಾರ ಎಷ್ಟು ಚಿಕ್ಕದು ಎಂಬುದನ್ನು. ಅದನ್ನು ಅಷ್ಟು ಚೆನ್ನಾಗಿ ಹೇಳಿದ ಕಥೆ ನನಗೆ ಬೇರೆ ಗೊತ್ತಿಲ್ಲ.

ಇದೇ ಕಥೆ ವಿಜ್ಞಾನ ಕಥೆಗಾರನ ಕೈಗೆ ಬಂದಿದ್ದರೆ ನೇಗಿಲು ಅವಳನ್ನು ಮುಟ್ಟುತ್ತಿರಲಿಲ್ಲ. ರೇವತಿ ತನ್ನ ಎತ್ತರದಲ್ಲೇ ಉಳಿಯುತ್ತಿದ್ದಳು. ಅವಳ ನುಡಿ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಕಂಡಿದ್ದ ನದಿಗಳ ದಾರಿ ಬದಲಾಗಿರುತ್ತಿತ್ತು, ಅವಳಿಗೆ ಗೊತ್ತಿದ್ದ ಮರಗಿಡಗಳ ಕುಲವೇ ಅಳಿದಿರುತ್ತಿತ್ತು. ದ್ವಾರಕೆಯ ಬಾಗಿಲುಗಳ ಎತ್ತರ ಸಾಲದೆ ಅವಳು ಬಗ್ಗಿ ನಡೆಯಬೇಕಾಗುತ್ತಿತ್ತು. ಹೊಸ ಕಾಲದ ರೋಗಗಳಿಗೆ ಅವಳ ಮೈಯಲ್ಲಿ ತಡೆ ಇರುತ್ತಿರಲಿಲ್ಲ. ಮಗಳ ಒಳಿತಿಗೆಂದೇ ಹೊರಟು ಅವಳ ಇಡೀ ಕಾಲವನ್ನು ಕಳೆದು ಬಂದ ತಂದೆ ಸುಮ್ಮನೆ ತಪಸ್ಸಿಗೆ ಎದ್ದುಹೋಗಲು ಆಗುತ್ತಿತ್ತೇ? ಅವಳು ಬಿಡುತ್ತಿದ್ದಳೇ? ಪುರಾಣ ಒಂದು ವಾಕ್ಯದಲ್ಲಿ ದಾಟಿದ್ದನ್ನು ವಿಜ್ಞಾನ ಕಥೆ ದಾಟಲಾರದು. ಅಲ್ಲಿಯೇ ಅದು ಶುರುವಾಗುವುದು.

ಹಿಂದಕ್ಕೆ ಹೋಗಲಾಗದಿರುವುದು ಇದರ ಇನ್ನೊಂದು ಮುಖ. ಮಲೆನಾಡಿನಲ್ಲಿ ಯಕ್ಷಗಾನದ ಆಟ ನೋಡಿ ಬೆಳೆದವರಿಗೆಲ್ಲ ಭಸ್ಮಾಸುರ ಮೋಹಿನಿ ಪ್ರಸಂಗ ಗೊತ್ತು. ಶಿವ ವರ ಕೊಡುತ್ತಾನೆ, ವರ ಕೊಟ್ಟವನನ್ನೇ ಅಟ್ಟಿಸಿಕೊಂಡು ಬರುತ್ತದೆ, ಮೋಹಿನಿ ಬಂದು ಕುಣಿದು ಕುಣಿಸಿ ಅವನ ಕೈಯನ್ನು ಅವನ ತಲೆಯ ಮೇಲೆಯೇ ಇಡಿಸುತ್ತಾಳೆ. ಬೆಳಗಾಗುವ ಹೊತ್ತಿಗೆ ಲೋಕ ಮೊದಲು ಹೇಗಿತ್ತೋ ಹಾಗೆ. ಆ ಮರಳುವಿಕೆಯ ನೆಮ್ಮದಿಗಾಗಿಯೇ ನಾವು ನಿದ್ದೆಗೆಟ್ಟು ಕೂತಿರುತ್ತೇವೆ. 1818ರಲ್ಲಿ ಅಚ್ಚಾದ ಮೇರಿ ಶೆಲ್ಲಿಯ ಫ್ರಾಂಕನ್‌ಸ್ಟೈನ್ ಕಾದಂಬರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. 1815ರಲ್ಲಿ ಇಂಡೊನೇಷ್ಯಾದ ಟಾಂಬೊರಾ ಜ್ವಾಲಾಮುಖಿ ಸಿಡಿದು, ಅದರ ಬೂದಿ ಮತ್ತು ಗಂಧಕದಿಂದ ಆಕಾಶ ಮಬ್ಬಾಗಿ, 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಆ ಮಳೆ ಚಳಿಯಲ್ಲಿ ಜಿನೀವಾ ಸರೋವರದ ದಡದ ಮನೆಯೊಳಗೆ ಕೂತಿದ್ದಾಗ ಹದಿನೆಂಟರ ಆ ಹುಡುಗಿಗೆ ಹೊಳೆದ ಕಥೆ ಅದು. ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಅದುರುತ್ತದೆ ಎಂದು ಗಾಲ್ವಾನಿ ತೋರಿಸಿದ ಮೇಲಿನ ಕಾಲ. ಕಾದಂಬರಿಯ ಯುವಕ ಮಂತ್ರ ಹೇಳುವುದಿಲ್ಲ. ರಸಾಯನಶಾಸ್ತ್ರ ಮತ್ತು ಶರೀರಶಾಸ್ತ್ರ ಓದಿ ಜೀವ ಹುಟ್ಟಿಸುತ್ತಾನೆ, ಕಣ್ಣು ತೆರೆದದ್ದೇ ತಡ, ಬಿಟ್ಟು ಓಡುತ್ತಾನೆ. ಆಮೇಲಿನದೆಲ್ಲ ಆ ಓಟದ ಬೆಲೆ. ಯಾವ ಮೋಹಿನಿಯೂ ಬರುವುದಿಲ್ಲ. ಕಲಿತದ್ದನ್ನು ಕಲಿಯದಂತೆ ಮಾಡಲು ಆಗುವುದಿಲ್ಲ.

ಪತ್ತೇದಾರಿ ಕಾದಂಬರಿಯೂ ಒಂದು ರೀತಿಯಲ್ಲಿ ಭಸ್ಮಾಸುರನ ಕುಲದ್ದು. ಕೊಲೆಗಾರ ಸಿಕ್ಕಿದ ಮೇಲೆ ಊರು ಊರಾಗುತ್ತದೆ. ಅದರ ಸುಖವೇ ಅದು, ನಾನೂ ಅದಕ್ಕಾಗಿಯೇ ಓದುತ್ತೇನೆ.

ವಿಜ್ಞಾನ ಕಥೆಗಾರರಾದ ಜೂಲ್ಸ್ ವರ್ನ್ ಮತ್ತು ಎಚ್. ಜಿ. ವೆಲ್ಸ್ ನಡುವಿನ ಭಿನ್ನಾಭಿಪ್ರಾಯ ಇಲ್ಲಿ ನೆನೆಯುವಂಥದ್ದು. ವರ್ನ್ 1865ರ ಕಾದಂಬರಿಯಲ್ಲಿ ಮನುಷ್ಯರನ್ನು ಚಂದ್ರನತ್ತ ಫಿರಂಗಿಯಿಂದ ಹಾರಿಸಿದ. ಫಿರಂಗಿಯ ಉದ್ದ, ಸಿಡಿಮದ್ದಿನ ತೂಕ ಎಲ್ಲವನ್ನೂ ಲೆಕ್ಕ ಹಾಕಿ ಕೊಟ್ಟ. ವೆಲ್ಸ್ 1901ರಲ್ಲಿ ಗುರುತ್ವವನ್ನು ತಡೆಯುವ ಒಂದು ವಸ್ತುವನ್ನೇ ಕಲ್ಪಿಸಿಕೊಂಡು ಚಂದ್ರನಿಗೆ ಹೋದ. ನಾನು ಭೌತವಿಜ್ಞಾನ ಬಳಸುತ್ತೇನೆ, ಇವನು ಹೊಸೆಯುತ್ತಾನೆ, ಆ ವಸ್ತು ಎಲ್ಲಿದೆ ತೋರಿಸಲಿ ಎಂಬುದು ವರ್ನ್‌ನ ತಕರಾರು. ನಾನು ವೆಲ್ಸ್ ಪಕ್ಷ. ನಿಜ ಹೇಳಬೇಕೆಂದರೆ ವರ್ನ್‌ನ ಫಿರಂಗಿ ಸಿಡಿದ ಕ್ಷಣದಲ್ಲೇ ಒಳಗಿದ್ದವರು ಜಜ್ಜಿಹೋಗುತ್ತಿದ್ದರು. ಅಷ್ಟು ಲೆಕ್ಕವಿದ್ದೂ ಅದು ನಡೆಯುವ ಮಾತಾಗಿರಲಿಲ್ಲ. ವೆಲ್ಸ್ 1934ರಲ್ಲಿ ತನ್ನ ಕಾದಂಬರಿಗಳ ಸಂಪುಟಕ್ಕೆ ಬರೆದ ಮುನ್ನುಡಿಯಲ್ಲಿ ತನ್ನ ವಿಧಾನವನ್ನು ಬಿಚ್ಚಿಟ್ಟಿದ್ದಾನೆ. ಅಸಾಧ್ಯವಾದದ್ದು ಒಂದೇ ಇರಬೇಕು, ಉಳಿದದ್ದೆಲ್ಲ ನಮ್ಮ ಮನೆ, ನಮ್ಮ ಬೀದಿಯಷ್ಟು ಸಾಧಾರಣವಾಗಿರಬೇಕು. ಏನು ಬೇಕಾದರೂ ನಡೆಯಬಹುದು ಎಂಬಲ್ಲಿ ಯಾವುದರಲ್ಲೂ ಕುತೂಹಲ ಉಳಿಯುವುದಿಲ್ಲ ಎಂಬುದು ಅದರ ಸಾರ. ವಿಜ್ಞಾನ ಕಥೆಯ ವಿಜ್ಞಾನ ಇರುವುದು ಯಂತ್ರದಲ್ಲಿ ಅಲ್ಲ, ಈ ಶಿಸ್ತಿನಲ್ಲಿ. ಪ್ರಯೋಗಾಲಯದಲ್ಲಿ ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನೆಲ್ಲ ಹಾಗೆಯೇ ಇಟ್ಟು ಏನಾಗುತ್ತದೆ ಎಂದು ನೋಡುವ ಶಿಸ್ತು ಅದು.

ಒಂದನ್ನು ಬದಲಿಸಿದರೆ ಏನೇನಾಗುತ್ತದೆ ಎಂಬುದನ್ನು ನಮ್ಮ ತಾಲ್ಲೂಕಿನವರಿಗೆ ಯಾರೂ ಕಲಿಸಬೇಕಾಗಿಲ್ಲ. 1819 ಅಡಿ ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತಿರುವ ಸಂಖ್ಯೆ. ಶರಾವತಿಯ ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ, ಸಮುದ್ರಮಟ್ಟದಿಂದ. ಮಳೆಗಾಲದಲ್ಲಿ ಪತ್ರಿಕೆ ಬಿಡಿಸಿದವರು ಮೊದಲು ನೋಡುವುದು ಅದಕ್ಕೆ ಇನ್ನೆಷ್ಟು ಅಡಿ ಬಾಕಿ ಎಂದು. 1964ರಲ್ಲಿ ಅಣೆಕಟ್ಟು ಮುಗಿಯಿತು, ಕಣಿವೆ ತುಂಬಿತು. ಮುಳುಗಡೆಯ ಊರಿನಿಂದ ಎದ್ದು ಬಂದ ನನ್ನ ದೊಡ್ಡಮ್ಮ ಆ ಕಾಲದ ಬಗ್ಗೆ ಹೆಚ್ಚು ಮಾತನಾಡುತ್ತಿರಲಿಲ್ಲ. ಒಮ್ಮೆ ಮಾತ್ರ, “ಎಲ್ಲರೂ ನೀರು ಬಂತು ಎನ್ನುತ್ತಾರೆ ಮಾಣಿ. ನೀರಿಗಿಂತ ಮುಂಚೆ ಅಳತೆಯವರು ಬಂದಿದ್ದರು” ಎಂದಿದ್ದರು. ಗುರುತು ಹಾಕಿದ ಗೆರೆಯ ಕೆಳಗೆ ತೋಟ, ಮೇಲೆ ದನದ ಕೊಟ್ಟಿಗೆ. ನೀರು ಬರುವುದಕ್ಕೆ ಎಷ್ಟೋ ಮೊದಲೇ ಆ ಗೆರೆಯ ಕೆಳಗಿನ ಮನೆಗಳಿಗೆ ಹೆಣ್ಣು ಕೊಡುವುದನ್ನು ಜನ ನಿಲ್ಲಿಸಿದ್ದರಂತೆ. ಇನ್ನೂ ನಡೆಯದ ಸಂಗತಿಯೊಂದು ಸಂಖ್ಯೆಯ ರೂಪದಲ್ಲಿ ಮೊದಲೇ ಬಂದು ಮದುವೆಗಳನ್ನು ಮುರಿಯುವುದು! ಇದಕ್ಕಿಂತ ಹೆಚ್ಚಿನ ವಿಜ್ಞಾನ ಕಥೆಯ ವಸ್ತು ಬೇರೆ ಏನು ಬೇಕು?

ಈ ಮುಳುಗಡೆಯನ್ನು ಕನ್ನಡ ಕಾದಂಬರಿ ಎದುರಿಸಿದೆ. ಸಾಗರದವರೇ ಆದ ನಾ. ಡಿಸೋಜರು ಈ ನೋವನ್ನು ಜೀವಮಾನವಿಡೀ ಬರೆದರು. ಅವರ ದ್ವೀಪ ಕಾದಂಬರಿ ಏರುವ ನೀರಿನ ನಡುವೆ ಉಳಿದ ಒಂದು ಕುಟುಂಬದ ಜೊತೆ ನಿಲ್ಲುತ್ತದೆ. ಗಂಡ ಹೆಂಡತಿಯ ನಡುವಿನ ನಂಬಿಕೆ ಹೇಗೆ ಸವೆಯುತ್ತದೆ ಎಂಬುದನ್ನು ಅಷ್ಟು ಹತ್ತಿರದಿಂದ ನೋಡುವುದು ವಾಸ್ತವವಾದಿ ಕಾದಂಬರಿಗೆ ಮಾತ್ರ ಸಾಧ್ಯ. ಅಲ್ಲಿ ನೀರು ಓದುಗನಿಗೆ ಮೊದಲೇ ಗೊತ್ತಿರುವ ಸತ್ಯ. ಗೊತ್ತಿಲ್ಲದಿರುವುದು ಮನುಷ್ಯರ ಮನಸ್ಸು. ಈಗ ಹೀಗೆ ಊಹಿಸಿಕೊಳ್ಳಿ: 1930ರಲ್ಲಿ ಯಾರೋ ಒಬ್ಬರು ಕೂತು, ಶರಾವತಿ ಕಣಿವೆ ಒಂದು ದಿನ ಸಮುದ್ರದಂತಾಗುತ್ತದೆ ಎಂದು ಬರೆದಿದ್ದರೆ? ಆಗ ಮನುಷ್ಯರ ಮನಸ್ಸು ಓದುಗನಿಗೆ ಪರಿಚಿತ, ನೀರನ್ನು ನಂಬಿಸಬೇಕು. ಅಷ್ಟು ನೀರು ಯಾರಿಗೆ ಬೇಕು, ಏಕೆ ಬೇಕು ಎಂದು ಹೇಳಬೇಕು. ದೇವರನ್ನು ಎಲ್ಲಿಗೆ ಎತ್ತಿಕೊಂಡು ಹೋಗುತ್ತಾರೆ, ಗುಡ್ಡದ ತುದಿಗಳು ದ್ವೀಪಗಳಾದಾಗ ಅಲ್ಲಿಯೇ ಉಳಿದವರು ಹೆರಿಗೆಗೆ ಎಲ್ಲಿಗೆ ಹೋಗುತ್ತಾರೆ, ಜೋಗದ ಜಲಪಾತ ಬೀಳುವುದೂ ಬೀಳದಿರುವುದೂ ಕಚೇರಿಯ ತೀರ್ಮಾನಕ್ಕೆ ಬಿಟ್ಟದ್ದಾದಾಗ ಅದನ್ನು ನೋಡಲು ಬಂದವನಿಗೆ ಏನನ್ನಿಸುತ್ತದೆ ಎಂದು ಒಂದೊಂದಾಗಿ ಕಟ್ಟಬೇಕು.

ಆ ಕಲ್ಪಿತ ಲೇಖಕ ಎಷ್ಟೇ ಜಾಣನಾಗಿದ್ದರೂ ಅವನಿಗೆ ಹೊಳೆಯದಿದ್ದ ಒಂದು ವಿವರ ನಿಜದಲ್ಲಿ ನಡೆದಿದೆ. ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟು. 1948ರಲ್ಲಿ ವಿದ್ಯುತ್ ಕೊಡಲು ಶುರುಮಾಡಿದ, ಮುಂದೆ ಮಹಾತ್ಮಾ ಗಾಂಧಿಯವರ ಹೆಸರು ಪಡೆದ ಜೋಗದ ವಿದ್ಯುದಾಗಾರಕ್ಕೆ ನೀರು ಒದಗಿಸಲೆಂದು ಅದನ್ನು ಕಟ್ಟಿದ್ದರು. ಎರಡು ದಶಕವೂ ಕಳೆಯುವ ಮೊದಲೇ ಲಿಂಗನಮಕ್ಕಿಯ ನೀರಿನಲ್ಲಿ ಆ ಅಣೆಕಟ್ಟೇ ಮುಳುಗಿತು. ಬೇಸಿಗೆಯಲ್ಲಿ ಹಿನ್ನೀರು ಚೆನ್ನಾಗಿ ಇಳಿದ ವರ್ಷಗಳಲ್ಲಿ ಇಂದಿಗೂ ಮೇಲೆದ್ದು ಕಾಣುತ್ತದೆ. ಒಂದು ಭವಿಷ್ಯವನ್ನು ಮತ್ತೊಂದು ಭವಿಷ್ಯ ನುಂಗಿದ್ದು ಕಣ್ಣೆದುರು ನಿಂತಿರುತ್ತದೆ. ಇನ್ನು ಹಿನ್ನೀರಿನ ಆಚೆ ದಡದ ತುಮರಿ ಕಡೆಯವರ ಕಥೆ. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಈ ದಡದಲ್ಲೇ ಉಳಿಯಬೇಕು ಎಂಬ ನಿಯಮದ ಸುತ್ತ ಒಂದು ಇಡೀ ತಲೆಮಾರು ತನ್ನ ಓದು, ಔಷಧ, ಸಂತೆ ಎಲ್ಲವನ್ನೂ ಹೊಂದಿಸಿಕೊಂಡಿತು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು, ನಿಯಮ ಮತ್ತೆ ಬದಲಾಯಿತು. ಮುಳುಗಿದ ಊರಿನವರ ಭೂಮಿಯ ಹಕ್ಕಿನ ಹೋರಾಟ ಮಾತ್ರ ಮೂರನೆಯ ತಲೆಮಾರಿಗೆ ಬಂದು ನಿಂತಿದೆ. ಬದಲಾವಣೆಯ ಲೆಕ್ಕವನ್ನು ಮೊದಲೇ ಕೂತು ಕಾಣದಿದ್ದರೆ ಅದನ್ನು ಹೀಗೆ ಬದುಕಿ ತೀರಿಸಬೇಕಾಗುತ್ತದೆ. ಅದಕ್ಕಾಗಿಯೇ ನನಗೆ ಈ ಪ್ರಕಾರದ ಕಥೆಗಳ ಬಗ್ಗೆ ಇಷ್ಟು ಕಾಳಜಿ.

ಹಾಗೆಂದ ಕೂಡಲೇ ಭವಿಷ್ಯ ಹೇಳುವುದೇ ವಿಜ್ಞಾನ ಕಥೆಯ ಕೆಲಸ ಎಂದು ತಿಳಿಯುವವರಿದ್ದಾರೆ. ಯಾವ ಕಥೆ ಯಾವ ಯಂತ್ರವನ್ನು ಮೊದಲೇ ಹೇಳಿತ್ತು ಎಂದು ಅಂಕ ಕೊಡುವ ಆ ಅಭ್ಯಾಸ ನನಗೆ ಸೇರದು. ಭೂಸ್ಥಿರ ಕಕ್ಷೆಯಲ್ಲಿ ಮೂರು ಉಪಗ್ರಹಗಳನ್ನಿಟ್ಟರೆ ಭೂಮಿಯ ಬಹುಪಾಲು ಕಡೆಗೆ ಪ್ರಸಾರ ಮಾಡಬಹುದು ಎಂದು ವಿಜ್ಞಾನ ಕಥೆಗಾರ ಆರ್ಥರ್ ಸಿ. ಕ್ಲಾರ್ಕ್ 1945ರಲ್ಲಿ ಬರೆದದ್ದನ್ನು ಎಲ್ಲರೂ ಉದಾಹರಿಸುತ್ತಾರೆ. ಆದರೆ ಅದು ಕಥೆಯಲ್ಲ, ರೇಡಿಯೊ ತಂತ್ರಜ್ಞರ ಪತ್ರಿಕೆಗೆ ಬರೆದ ಲೇಖನ. ವೆಲ್ಸ್ 1914ರ ಕಾದಂಬರಿಯಲ್ಲಿ ಪರಮಾಣು ಬಾಂಬು ಎಂಬ ಹೆಸರನ್ನೇ ಬಳಸಿದ. 1932ರಲ್ಲಿ ಅದನ್ನು ಓದಿದ ಭೌತವಿಜ್ಞಾನಿ ಲಿಯೊ ಸಿಲಾರ್ಡ್‌ಗೆ ಮರುವರ್ಷ ಪರಮಾಣು ಸರಪಳಿ ಕ್ರಿಯೆಯ ಕಲ್ಪನೆ ಹೊಳೆಯಿತು. ವೆಲ್ಸ್‌ನ ಬಾಂಬು ಮಾತ್ರ ಒಮ್ಮೆ ಸಿಡಿದರೆ ದಿನಗಟ್ಟಲೆ ಉರಿಯುತ್ತಲೇ ಇರುತ್ತದೆ, ನಿಜದ ಬಾಂಬು ಹಾಗಲ್ಲ. ತಂತ್ರಜ್ಞಾನದಲ್ಲಿ ಅವನಿಗೆ ಅರ್ಧ ಅಂಕ. ಆದರೆ ಅರ್ಧ ಊರನ್ನು ಸುಡುವ ಶಕ್ತಿಯನ್ನು ಒಬ್ಬ ಮನುಷ್ಯ ಕೈಚೀಲದಲ್ಲಿ ಹೊತ್ತು ತಿರುಗಬಹುದಾದರೆ ಸರ್ಕಾರ, ಸೈನ್ಯ, ಗಡಿ ಎಂಬುವುಗಳ ಗತಿ ಏನು ಎಂದು ಆ ಪುಸ್ತಕ ಕೇಳಿತ್ತು. ಆ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಬಂಗಾಳದ ಲೇಖಕಿ ರೊಕೇಯಾ ಸಖಾವತ್ ಹುಸೇನ್ 1905ರಲ್ಲಿ ಬರೆದ ಸುಲ್ತಾನಳ ಕನಸನ್ನೂ ಹೀಗೆಯೇ ಓದಬೇಕು. ಅಲ್ಲಿನ ಹೆಂಗಸರು ಸೂರ್ಯನ ಶಾಖವನ್ನು ಹಿಡಿದಿಟ್ಟು ಬಳಸುತ್ತಾರೆ, ಮೋಡದಿಂದ ನೀರು ಇಳಿಸುತ್ತಾರೆ. ಈಗ ನಮ್ಮ ಮಾಳಿಗೆಗಳ ಮೇಲೆ ಸೌರಫಲಕಗಳು ಬಂದಿವೆ ಎಂಬುದು ಆ ಕಥೆಯ ಹೆಗ್ಗಳಿಕೆಯಲ್ಲ. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯ ಸಿಕ್ಕಿತು ಎಂಬ ಒಂದು ಬದಲಾವಣೆಯಿಂದ ಅಡುಗೆಮನೆ, ಬೀದಿ, ಯುದ್ಧ, ಕೊನೆಗೆ ಪರದೆಯ ಒಳಗೆ ಯಾರಿರಬೇಕು ಎಂಬುದರವರೆಗೆ ಅವರು ಲೆಕ್ಕ ಒಪ್ಪಿಸಿದ್ದಾರೆ. ಅದು ಹೆಗ್ಗಳಿಕೆ.

ಪಾತ್ರಗಳು ಪೇಲವ ಎಂಬುದು ಇನ್ನೊಂದು ದೂರು. ಸಾಹಿತ್ಯ ಕಲಿಸುವ ಗೆಳೆಯರ ಬಾಯಲ್ಲಿ ಹೆಚ್ಚು ಕೇಳಿದ್ದೇನೆ. ಕೆಟ್ಟದಾಗಿ ಬರೆದ ಕಥೆಗಳ ಮಟ್ಟಿಗೆ ಅದು ನಿಜವೇ. ಆದರೆ ಎಲ್ಲ ಕಡೆ ಅದು ದೋಷವಲ್ಲ. ವೆಲ್ಸ್‌ನ ಕಾಲಯಂತ್ರದ ಕಥೆಯಲ್ಲಿ ಪಯಣಿಗನಿಗೆ ಹೆಸರೇ ಇಲ್ಲ. 802701ನೆಯ ಇಸವಿಗೆ ಹೋಗಿ ಅವನು ಕಾಣುವುದು ದುಡಿಯುವವರು ನೆಲದ ಕೆಳಗೂ ಉಣ್ಣುವವರು ಮೇಲೂ ಉಳಿದು ಎರಡು ಜೀವಜಾತಿಗಳೇ ಆಗಿಹೋದ ಮನುಷ್ಯಕುಲವನ್ನು. ಅಲ್ಲಿ ಕಥಾನಾಯಕ ಆ ಲೋಕವೇ. ವಾಸ್ತವವಾದಿ ಕಾದಂಬರಿ ಲೋಕವನ್ನು ಸ್ಥಿರವಾಗಿಟ್ಟು ಮನುಷ್ಯನನ್ನು ಬಗೆದು ನೋಡುತ್ತದೆ. ವಿಜ್ಞಾನ ಕಥೆ ಮನುಷ್ಯನನ್ನು ಸಾಧಾರಣನಾಗಿಟ್ಟು ಲೋಕವನ್ನು ಬಗೆಯುತ್ತದೆ. ಎರಡೂ ಕೈಗೂಡಿದ ಕೃತಿಗಳು ವಿರಳ, ಸಿಕ್ಕಾಗ ಅವುಗಳಿಗಿಂತ ದೊಡ್ಡ ಓದು ಇಲ್ಲ.

ವಿಜ್ಞಾನದ ಬಗ್ಗೆ ಬರೆದ ಕಥೆಯೆಲ್ಲ ವಿಜ್ಞಾನ ಕಥೆಯಾಗುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಪೂರ್ಣಚಂದ್ರ ತೇಜಸ್ವಿಯವರ ಕರ್ವಾಲೊ ಕಾದಂಬರಿಯನ್ನು ಕನ್ನಡದ ದೊಡ್ಡ ವಿಜ್ಞಾನ ಕಥೆ ಎಂದು ಕರೆಯುವವರಿದ್ದಾರೆ. ತೀರ್ಥಹಳ್ಳಿ ಸೀಮೆಯ ಮನೆತನದ ತೇಜಸ್ವಿಯವರ ಮೇಲಿನ ಪ್ರೀತಿಯಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ, ಆದರೂ ಒಪ್ಪಲಾರೆ. ಅದರಲ್ಲಿ ಹುಡುಕಿಕೊಂಡು ಹೊರಡುವ ಹಾರುವ ಓತಿ ನಮ್ಮ ಅಡಿಕೆ ತೋಟಗಳಲ್ಲೇ ಇರುವ ಜೀವಿ. ತಾಳ್ಮೆಯಿಂದ ಕತ್ತೆತ್ತಿ ನಿಂತರೆ ಒಂದು ಮರದಿಂದ ಇನ್ನೊಂದಕ್ಕೆ ತೇಲುವುದು ಕಾಣುತ್ತದೆ. ಕಾದಂಬರಿ ಪ್ರಕೃತಿಯ ಯಾವ ನಿಯಮವನ್ನೂ ಬದಲಿಸುವುದಿಲ್ಲ. ಬದಲಿಸುವುದು ನೋಡುವವನ ಕಣ್ಣನ್ನು. ಅದರ ಬೆರಗು ಇರುವುದು ಇದ್ದಂತೆಯೇ ಎಷ್ಟು ವಿಚಿತ್ರ ಎಂಬುದರಲ್ಲಿದೆ. ವಿಜ್ಞಾನ ಕಥೆಯ ಬೆರಗು ಇನ್ನೊಂದು ಥರದ್ದು: ಇರುವುದು ಬೇರೆ ಥರ ಇರಬಹುದಾಗಿತ್ತು, ಇದ್ದಿದ್ದರೆ ನಾವು ಯಾರಾಗಿರುತ್ತಿದ್ದೆವು? ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ಈ ದಾರಿಗೆ ಬಹಳ ದುಡಿದರು. ಮಲೆನಾಡಿನ ನೆಲದಿಂದ ಅಂಥ ಕಥೆಗಳು ಇನ್ನೂ ಎಷ್ಟೋ ಬರಬೇಕಿತ್ತು ಎಂಬ ಕೊರಗು ನನಗಿದೆ. ವಸ್ತು ಇಲ್ಲವೆಂದಲ್ಲ.

ಒಂದು ವಸ್ತುವನ್ನು ಹೇಳುತ್ತೇನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಕಾಡಿಗೆ ಹೋಗಿ ಬಂದವರಿಗೆ ಉರಿಜ್ವರ, ರಕ್ತಸ್ರಾವ. ಪುಣೆಯಿಂದ ಬಂದ ವೈರಾಣು ತಜ್ಞರಿಗೆ ಮೊದಲು ಬಂದ ಭಯ, ಏಷ್ಯಾದಲ್ಲಿ ಎಂದೂ ಕಾಣಿಸದ ಹಳದಿ ಜ್ವರ ಇಲ್ಲಿಗೂ ಬಂದುಬಿಟ್ಟಿತೇ ಎಂದು. ಅದಾಗಿರಲಿಲ್ಲ. ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆ ಹುಳದಿಂದ, ಹರಡುವ ಹೊಸ ವೈರಾಣು ಅದು. ಅದರ ಹತ್ತಿರದ ನೆಂಟರಿದ್ದದ್ದು ರಷ್ಯಾದ ಕಾಡುಗಳಲ್ಲಿ. ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳು ಹೊತ್ತು ತಂದವೇ ಎಂಬ ಶಂಕೆ ಹುಟ್ಟಿ, ಪಕ್ಷಿತಜ್ಞ ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಅಧ್ಯಯನಕ್ಕೂ ಅದು ಕಾರಣವಾಯಿತು. ನಾವು ಮಂಗನ ಕಾಯಿಲೆ ಎನ್ನುವ ಅದು ಇಂದಿಗೂ ಚಳಿಗಾಲದಿಂದ ಮುಂಗಾರಿನವರೆಗೆ ಸೊಪ್ಪು ಸೌದೆಗೆ ಹೋದವರನ್ನು ಹಿಡಿಯುತ್ತದೆ. 2019ರ ಸುಮಾರಿಗೆ ನಮ್ಮ ಅರಳಗೋಡಿನಲ್ಲಿ ಮನೆಮನೆಯಲ್ಲಿ ಭಯ ಕೂತಿತ್ತು. ದಶಕಗಳ ಕಾಲ ಕೊಟ್ಟ ಲಸಿಕೆಯನ್ನು ಅದರ ಬಲ ಸಾಲದೆಂದು ನಿಲ್ಲಿಸಿದ್ದಾರೆ.

ಇದನ್ನೇ ದೆವ್ವದ ಕಥೆಯಾಗಿ ಬರೆದರೆ ಮಂಗಗಳ ಸಾವು ಚೌಡಿಯ ಮುನಿಸಾಗುತ್ತದೆ. ಕಾರಣ ಹೇಳದಷ್ಟೂ ಕಥೆಗೆ ಬಲ. ಪತ್ತೇದಾರಿಯಾಗಿ ಬರೆದರೆ ತಜ್ಞನೊಬ್ಬ ದನ, ಕಾಡು, ಮಂಗ, ಮನುಷ್ಯ ಎಂದು ಜಾಡು ಹಿಡಿದು ಉಣುಗಿನ ತನಕ ಬರುತ್ತಾನೆ, ಪುಸ್ತಕ ಮುಗಿಯುತ್ತದೆ. ವಾಸ್ತವವಾದಿ ಕಾದಂಬರಿಯಾದರೆ ಸೊಪ್ಪಿನ ಬೆಟ್ಟಕ್ಕೆ ಕೂಲಿಗೆ ಹೋಗಿ ಸತ್ತವನ ಹೆಂಡತಿ ಮರುವಾರ ಅದೇ ಬೆಟ್ಟಕ್ಕೆ ಹೋಗಬೇಕಾದ ಸಂಕಟ. ಮೂರೂ ಬರಲಿ. ನಾನು ಬರೆಯಲು ಹೊರಟಿರುವುದು ನಾಲ್ಕನೆಯದನ್ನು.

ಅಮೆರಿಕದಲ್ಲಿ ಒಂದು ಬಗೆಯ ಉಣುಗು ಕಚ್ಚಿದವರಲ್ಲಿ ಕೆಲವರಿಗೆ ಆಮೇಲೆ ದನ, ಹಂದಿ, ಕುರಿಗಳ ಮಾಂಸ ಮೈಗೆ ಒಗ್ಗದಂತಾಗುತ್ತದೆ. ಇದು ಕಲ್ಪನೆಯಲ್ಲ. ಆ ಮಾಂಸದಲ್ಲಿರುವ ಆಲ್ಫಾ-ಗಾಲ್ ಎಂಬ ಸಕ್ಕರೆಯನ್ನು ಶತ್ರು ಎಂದು ಗುರುತಿಸಲು ಉಣುಗಿನ ಜೊಲ್ಲು ದೇಹಕ್ಕೆ ಕಲಿಸಿಬಿಡುತ್ತದೆ. ಊಟವಾಗಿ ಮೂರು ನಾಲ್ಕು ಗಂಟೆ ಕಳೆದ ಮೇಲೆ ದದ್ದು, ಉಸಿರುಕಟ್ಟು. ನನ್ನ ಕಥೆಯ ಒಂದೇ ಒಂದು ಬದಲಾವಣೆ ಇದು: ಸೊರಬದ ಕಾಡಿನ ಒಂದು ಉಣುಗು ಕಚ್ಚಿದವರಿಗೆ ಅಕ್ಕಿ ಒಗ್ಗುವುದಿಲ್ಲ. ಉಳಿದದ್ದೆಲ್ಲ ಇಂದಿನ ಮಲೆನಾಡೇ.

ಮೊದಲು ಇದು ತಗಲುವುದು ಯಾರಿಗೆ? ಕಾಡಿನ ಒಣ ಎಲೆಯ ದರಗನ್ನು ಗುಡಿಸಿ ತರಲು, ಸೌದೆ ತರಲು ಹೋಗುವ ಹೆಂಗಸರಿಗೆ. ಕಚ್ಚಿದ ದಿನಕ್ಕೂ ಉಸಿರು ಕಟ್ಟಿದ ರಾತ್ರಿಗೂ ವಾರಗಳ ಅಂತರ, ಊಟಕ್ಕೂ ರಾತ್ರಿಗೂ ಗಂಟೆಗಳ ಅಂತರ. ಹಾಗಾಗಿ ವರ್ಷಗಟ್ಟಲೆ ಯಾರೂ ನಂಟು ಕಟ್ಟುವುದಿಲ್ಲ. ಮೂರು ಹೊತ್ತೂ ಅಕ್ಕಿಯೇ ಇರುವ ಮನೆಯಲ್ಲಿ ಸೊಸೆ ಊಟ ಬೇಡವೆಂದರೆ ಅತ್ತೆ ಏನು ತಿಳಿಯುತ್ತಾಳೆ? ಕಡುಬು, ಕೊಟ್ಟೆರೊಟ್ಟಿ, ಗಂಜಿ, ಬಾಣಂತಿಯ ಪಥ್ಯ, ಮದುವೆಯ ಅಕ್ಷತೆ, ಸತ್ತವರಿಗೆ ಇಡುವ ಪಿಂಡ, ಎಲ್ಲಕ್ಕೂ ಅಕ್ಕಿಯೇ. ರಾಗಿ, ಜೋಳ ಬಯಲುಸೀಮೆಯಿಂದ ಬರಬೇಕು. ಗದ್ದೆಯಲ್ಲಿ ಬೆಳೆದದ್ದನ್ನು ಉಣ್ಣಲಾರದವರು ಗದ್ದೆಯನ್ನು ಏನು ಮಾಡುತ್ತಾರೆ? ತೋಟದ ಒಡೆಯನಿಗೆ ಕಾಯಿಲೆ ತಗಲುವುದು ಬಹಳ ತಡವಾಗಿ. ಅವನ ಪಂಕ್ತಿಯಲ್ಲಿ ಅನ್ನ ಬಡಿಸುವುದು ನಿಂತ ದಿನವೇ ಊರಿಗೆ ಇದು ಕಾಯಿಲೆ ಎಂದು ಅಧಿಕೃತವಾಗುತ್ತದೆ. ಅಲ್ಲಿಯವರೆಗೆ ಅದು ಕೂಲಿ ಹೆಂಗಸರ ಸೋಗು.

ಇಷ್ಟು ಕಟ್ಟಿಕೊಂಡು ನಾನೀಗ ನ್ಯಾಯಬೆಲೆ ಅಂಗಡಿಯ ಎದುರು ಬಂದು ನಿಂತಿದ್ದೇನೆ. ಸರದಿಯಲ್ಲಿ ನಿಂತ ಹೆಂಗಸಿನ ಚೀಟಿಗೆ ಸಿಗುವುದು ಅಕ್ಕಿ. ಅವಳಿಗೆ ಅದು ವಿಷ, ಮನೆಯ ಉಳಿದ ನಾಲ್ವರಿಗೆ ಅನ್ನ. ತನ್ನ ಪಾಲನ್ನು ಬಿಟ್ಟರೆ ಮಕ್ಕಳ ತಟ್ಟೆ ಕಿರಿದಾಗುತ್ತದೆ, ತಂದರೆ ಬೇಯಿಸಿ ಬಡಿಸುವವಳು ಅವಳೇ. ಅವಳು ಅಂಗಡಿಯವನಿಗೆ ಏನು ಹೇಳುತ್ತಾಳೆ, ಅವನ ಯಂತ್ರದಲ್ಲಿ ಅದಕ್ಕೆ ಯಾವ ಗುಂಡಿ ಇದೆ, ಇಲ್ಲದಿದ್ದರೆ ಅದನ್ನು ಸೇರಿಸಿಕೊಡಿ ಎಂದು ಯಾರು ಯಾರಿಗೆ ಅರ್ಜಿ ಬರೆಯುತ್ತಾರೆ ಎಂಬುದನ್ನು ಈ ವಾರ ಕೂತು ಬರೆಯಬೇಕು.